ಟ್ರಿಯರ್‌ನ ಕಪ್ಪು ಬಾಗಿಲು ಯಾಕೆ ಬೀಳಲಿಲ್ಲ

ಜರ್ಮನಿಯ ಪಶ್ಚಿಮ ತುದಿಯಲ್ಲಿ, ಲಕ್ಸೆಂಬರ್ಗ್ ಗಡಿಗೆ ಅಂಟಿಕೊಂಡಂತೆ, ಮೊಸೆಲ್ ನದಿಯ ದಂಡೆಯಲ್ಲಿ ಟ್ರಿಯರ್ ಅಂತ ಒಂದು ಊರಿದೆ. ಊರಿನ ಉತ್ತರಕ್ಕೆ ಒಂದು ದೊಡ್ಡ ಕೋಟೆ ಬಾಗಿಲು. ಅದರ ಹೆಸರು ಪೋರ್ಟಾ ನಿಗ್ರಾ, ಅಂದರೆ ಕಪ್ಪು ಬಾಗಿಲು. ಸುಮಾರು 30 ಮೀಟರ್ ಎತ್ತರ, ಎರಡು ಬುರುಜು, ನಡುವೆ ಎರಡು ದಾರಿ. ಬಂದವರೆಲ್ಲ ದೂರ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆದರೆ ಈ ಬಾಗಿಲಿನ ಕಥೆ ತಿಳಿಯಬೇಕಾದರೆ ಹತ್ತಿರ ಹೋಗಿ, ಕಲ್ಲು ಕಲ್ಲಿನ ನಡುವಿನ ಸಂದಿಗಳನ್ನು ನೋಡಬೇಕು.

ಆ ಸಂದಿಗಳ ಉದ್ದಕ್ಕೂ ಗುಂಡಿಗಳಿವೆ. ಯಾರೋ ಉಳಿ ಹಿಡಿದು ಕೆತ್ತಿ ಕೆತ್ತಿ ತೆಗೆದ ಹಾಗೆ, ಒರಟು ಒರಟಾದ ಗುಂಡಿಗಳು. ಗುಂಡು ಬಿದ್ದ ಗುರುತೇನೋ ಅನ್ನಿಸುತ್ತದೆ. ಆದರೆ ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ. ರೋಮನ್ನರು ಈ ಬಾಗಿಲನ್ನು ಗಾರೆ ಇಲ್ಲದೆ ಕಟ್ಟಿದರು. ದೊಡ್ಡ ದೊಡ್ಡ ಮರಳುಗಲ್ಲಿನ ದಿಮ್ಮಿಗಳನ್ನು ಒಂದರ ಪಕ್ಕ ಒಂದು ಕೂರಿಸಿ, ಎರಡೂ ಕಲ್ಲುಗಳಲ್ಲಿ ಕುಳಿ ಕೊರೆದು, ಅದರೊಳಗೆ ಕಬ್ಬಿಣದ ಕೊಂಡಿ ಇಳಿಸಿ, ಮೇಲಿಂದ ಕರಗಿಸಿದ ಸೀಸ ಸುರಿದರು. ಸೀಸ ತಣ್ಣಗಾಗಿ ಗಟ್ಟಿಯಾದರೆ ಕೊಂಡಿ ಅಲುಗಾಡುವುದಿಲ್ಲ, ಒಳಗೆ ನೀರು ಹೋಗಿ ಕಬ್ಬಿಣ ತುಕ್ಕು ಹಿಡಿಯುವುದೂ ಕಡಿಮೆ. ಮುಂದೆ ರೋಮನ್ ಆಡಳಿತ ಹೋಯಿತು, ಕಬ್ಬಿಣ ದುಬಾರಿಯಾಯಿತು. ಮಧ್ಯಯುಗದ ಜನ ಬಂದು ಗೋಡೆ ಕೆತ್ತಿ, ಕೈಗೆ ಸಿಕ್ಕಷ್ಟು ಕೊಂಡಿಗಳನ್ನು ಕಿತ್ತುಕೊಂಡು ಹೋದರು. ಸೀಸವೂ ಹೋಯಿತು. ಕೊಂಡಿ ಹೋದರೂ ಕಟ್ಟಡ ನಿಂತಿತು, ಯಾಕೆಂದರೆ ಆ ಕಲ್ಲುಗಳ ತೂಕವೇ ಅಷ್ಟಿದೆ. ಕೆಲವು ದಿಮ್ಮಿಗಳು ಆರು ಟನ್‌ವರೆಗೂ ತೂಗುತ್ತವೆ.

ಹೆಸರೂ ಮಧ್ಯಯುಗದ ಜನ ಇಟ್ಟದ್ದೇ. ಕಟ್ಟಿದಾಗ ಕಲ್ಲಿನ ಬಣ್ಣ ತಿಳಿ ಬೂದು. ನೂರಾರು ವರ್ಷಗಳ ಹೊಗೆ, ಮಳೆ, ಧೂಳು ಸೇರಿ ಕಪ್ಪಾಯಿತು. ಇನ್ನೊಂದು ವಿಷಯ ಹೇಳಬೇಕು. ಈ ಬಾಗಿಲಿನ ಕೆಲಸ ಪೂರ್ತಿ ಮುಗಿದೇ ಇಲ್ಲ. ಗೋಡೆಗೆ ಅಂಟಿದ ಅರ್ಧಕಂಬಗಳನ್ನು ನೋಡಿ. ಎಷ್ಟೋ ಕಡೆ ಅವುಗಳ ಮೈ ನುಣುಪಾಗಿಲ್ಲ. ಕಲ್ಲುಕುಟಿಗ ಊಟಕ್ಕೆ ಎದ್ದು ಹೋದವನು ತಿರುಗಿ ಬರಲೇ ಇಲ್ಲವೇನೋ ಅನ್ನುವ ಹಾಗೆ ಒರಟಾಗಿಯೇ ಉಳಿದಿವೆ.

ಈಗ ಮುಖ್ಯ ಪ್ರಶ್ನೆ. ರೋಮನ್ ಟ್ರಿಯರ್‌ನ ಸುತ್ತ 6.4 ಕಿಲೋಮೀಟರ್ ಉದ್ದದ ಗೋಡೆ ಇತ್ತು. ಅದಕ್ಕೆ ಬೇರೆ ಬಾಗಿಲುಗಳೂ ಇದ್ದವು. ದಕ್ಷಿಣದ ಬಾಗಿಲಿನದ್ದು ಈಗ ಮಣ್ಣಿನ ಕೆಳಗೆ ತಳಪಾಯ ಮಾತ್ರ. ಎಲ್ಲವನ್ನೂ ಕಿತ್ತು ಕಲ್ಲು ಹೊತ್ತುಕೊಂಡು ಹೋದ ಜನ ಈ ಒಂದನ್ನು ಮಾತ್ರ ಯಾಕೆ ಬಿಟ್ಟರು?

ಉತ್ತರ ಒಬ್ಬ ಸನ್ಯಾಸಿ. ಅವನ ಹೆಸರು ಸಿಮಿಯೋನ್. ಸಿಸಿಲಿ ದ್ವೀಪದ ಸಿರಾಕ್ಯೂಸ್‌ನಲ್ಲಿ ಹುಟ್ಟಿದ ಗ್ರೀಕ್ ಮಾತಿನವನು. ಟ್ರಿಯರ್‌ನ ಆರ್ಚ್‌ಬಿಷಪ್ ಪೊಪ್ಪೋ ಜೆರುಸಲೇಮ್ ಯಾತ್ರೆಗೆ ಹೋದಾಗ ಜೊತೆಗಿದ್ದು ದಾರಿ ತೋರಿಸಿದವನು. ಯಾತ್ರೆ ಮುಗಿಸಿ ಟ್ರಿಯರ್‌ಗೆ ಬಂದ ಮೇಲೆ ಈ ಬಾಗಿಲಿನ ಪೂರ್ವದ ಬುರುಜಿನಲ್ಲಿ ಒಂದು ಸಣ್ಣ ಜಾಗ ಸೇರಿಕೊಂಡು, ಹೊರಗಿನಿಂದ ಗೋಡೆ ಕಟ್ಟಿಸಿಕೊಂಡು, ಒಬ್ಬನೇ ಉಳಿದುಬಿಟ್ಟ. 1035ರಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ ಅವನನ್ನು ಸಂತ ಅಂತ ಘೋಷಿಸಿದರು. ಸಂತ ಸತ್ತ ಜಾಗವನ್ನು ಒಡೆಯುವ ಧೈರ್ಯ ಯಾರಿಗಿರುತ್ತದೆ? ಒಡೆಯುವ ಬದಲು ಇಡೀ ಬಾಗಿಲನ್ನೇ ಚರ್ಚ್ ಮಾಡಿದರು, ಅದೂ ಒಂದಲ್ಲ, ಒಂದರ ಮೇಲೊಂದು ಎರಡು. ಕೆಳಗಿನದು ಊರ ಜನಕ್ಕೆ, ಮೇಲಿನದು ಮಠದವರಿಗೆ. ಬಾಗಿಲಿನ ನೆಲ ಅಂತಸ್ತಿಗೆ ಮಣ್ಣು ತುಂಬಿ, ಹೊರಗಿನಿಂದ ಎತ್ತರದ ಮೆಟ್ಟಿಲು ಕಟ್ಟಿದರು. ಗಾಡಿಗಳು ಹೋಗುತ್ತಿದ್ದ ದಾರಿ ಮುಚ್ಚಿಹೋಯಿತು. ಊರೊಳಗೆ ಬರಲು ಪಕ್ಕದಲ್ಲೇ ಬೇರೆ ಸಣ್ಣ ಬಾಗಿಲು ಮಾಡಿಕೊಂಡರು.

ಸುಮಾರು 800 ವರ್ಷ ಹೀಗೇ ನಡೆಯಿತು. 1804ರಲ್ಲಿ ನೆಪೋಲಿಯನ್ ಟ್ರಿಯರ್‌ಗೆ ಬಂದ. ಆಗ ಈ ಊರು ಫ್ರೆಂಚರ ಕೈಯಲ್ಲಿತ್ತು. ಚರ್ಚ್ ಭಾಗಗಳನ್ನೆಲ್ಲ ತೆಗೆದು ರೋಮನ್ ಬಾಗಿಲನ್ನು ಹೊರಗೆ ತನ್ನಿ ಅಂತ ಅವನು ಆಜ್ಞೆ ಮಾಡಿದ. ಕೆಲಸ ಶುರುವಾಯಿತು, ಆಮೇಲೆ ಬಂದ ಪ್ರಷ್ಯನ್ನರು, ಅಂದರೆ ಜರ್ಮನ್ನರ ಪ್ರಷ್ಯ ರಾಜ್ಯದವರು, ಮುಂದುವರಿಸಿದರು. ಪೂರ್ವದ ಕಡೆ 12ನೇ ಶತಮಾನದ ಅರ್ಧವೃತ್ತದ ಗರ್ಭಗುಡಿಯಂಥ ಭಾಗವನ್ನು ಮಾತ್ರ ಹಾಗೇ ಬಿಟ್ಟರು. ಈಗಲೂ ಅದು ಇದೆ. ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನೆಪೋಲಿಯನ್ ಯಾವ ಚರ್ಚನ್ನು ತೆಗೆಸಿದನೋ ಆ ಚರ್ಚ್ ಇಲ್ಲದಿದ್ದರೆ ಅವನಿಗೆ ಹೊರತೆಗೆಯಲು ರೋಮನ್ ಬಾಗಿಲೇ ಇರುತ್ತಿರಲಿಲ್ಲ. ಟ್ರಿಯರ್‌ನಲ್ಲಿ ಇಂದು ಏನು ನಿಂತಿದೆಯೋ ಅದರ ಹಿಂದೆ ಹೆಚ್ಚಾಗಿ ಇಂಥದ್ದೇ ಕಾರಣ ಇರುತ್ತದೆ. ರೋಮನ್ನರು ಗಟ್ಟಿಯಾಗಿ ಕಟ್ಟಿದ್ದು ನಿಜ. ಆದರೆ ಆಮೇಲೆ ಬಂದವರಿಗೆ ಅದು ಬೇಕಾಗಿತ್ತು, ಅದಕ್ಕೇ ಉಳಿಯಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ಸೀಮೆಯಲ್ಲಿ ಟ್ರೆವೆರಿ ಎಂಬ ಕೆಲ್ಟಿಕ್ ಬುಡಕಟ್ಟಿನವರು ಇದ್ದರು. ಜೂಲಿಯಸ್ ಸೀಸರ್ ಕ್ರಿ.ಪೂ. 50ರ ದಶಕದಲ್ಲಿ ಗಾಲ್ ದೇಶವನ್ನು (ಇಂದಿನ ಫ್ರಾನ್ಸ್ ಮತ್ತು ಅದರ ಸುತ್ತಲಿನ ಸೀಮೆ) ಗೆದ್ದಾಗ ಇವರೂ ರೋಮ್ ಕೈಕೆಳಗೆ ಬಂದರು. ಮುಂದೆ ಚಕ್ರವರ್ತಿ ಅಗಸ್ಟಸ್ ಕಾಲದಲ್ಲಿ ಇಲ್ಲಿ ಊರು ಕಟ್ಟಿದರು. ಹೆಸರು ಔಗುಸ್ಟಾ ಟ್ರೆವೆರೋರಮ್, ಅಂದರೆ ಟ್ರೆವೆರಿಗಳ ನಾಡಿನ ಅಗಸ್ಟಸ್ ಪಟ್ಟಣ. ಟ್ರಿಯರ್ ಅನ್ನುವುದು ಆ ಬುಡಕಟ್ಟಿನ ಹೆಸರು ಸವೆದು ಸವೆದು ಉಳಿದ ರೂಪ. (ನಮಗೂ ಈ ಅಗಸ್ಟಸ್ ಪೂರ್ತಿ ಅಪರಿಚಿತನಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಅವನ ಮತ್ತು ಅವನ ನಂತರದ ಟಿಬೇರಿಯಸ್‌ನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಮೊಸೆಲ್ ದಂಡೆಯಲ್ಲಿ ಊರು ಎದ್ದ ಕಾಲದ ದುಡ್ಡೇ ವ್ಯಾಪಾರದ ಜೊತೆ ಅಲ್ಲಿಗೂ ಬಂದಿತ್ತು.)

ಊರು ಶುರುವಾಗಿದ್ದು ಯಾವಾಗ ಅಂತ ಹೇಳುವ ಶಾಸನ ಯಾವುದೂ ಇಲ್ಲ. ಆದರೆ ಮರ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಟ್ರಿಯರ್‌ನ ಎಷ್ಟೋ ಜಗಳ ಬಗೆಹರಿದದ್ದು ಇದರಿಂದಲೇ.

ಓಕ್ ಮರವನ್ನು ಅಡ್ಡ ಕೊಯ್ದರೆ ಉಂಗುರಗಳು ಕಾಣುತ್ತವೆ ಅಲ್ವಾ? ವರ್ಷಕ್ಕೊಂದು ಉಂಗುರ. ಮಳೆ ಚೆನ್ನಾಗಿ ಆದ ವರ್ಷ ಉಂಗುರ ಅಗಲ, ಒಣ ವರ್ಷ ತೆಳು. ಒಂದು ಸೀಮೆಯ ಮರಗಳೆಲ್ಲ ಒಂದೇ ಮಳೆ, ಒಂದೇ ಬಿಸಿಲು ಕಂಡಿರುವುದರಿಂದ ಅಗಲ, ತೆಳು, ತೆಳು, ಅಗಲ ಅನ್ನುವ ಸಾಲು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಇವತ್ತು ಕಡಿದ ಮರದ ಒಳಗಿನ ಉಂಗುರಗಳನ್ನು ಹಳೇ ಮನೆಯ ತೊಲೆಯ ಹೊರಗಿನ ಉಂಗುರಗಳ ಜೊತೆ ಹೊಂದಿಸಿ, ಆ ತೊಲೆಯ ಒಳಗಿನವನ್ನು ಇನ್ನೂ ಹಳೇ ಚರ್ಚಿನ ತೊಲೆಯ ಜೊತೆ ಹೊಂದಿಸಿ, ಹೀಗೆ ಕೊಂಡಿ ಹಾಕುತ್ತ ಹೋದರೆ ಸಾವಿರಾರು ವರ್ಷ ಹಿಂದಕ್ಕೆ ಹೋಗಬಹುದು. ಈ ಕೆಲಸದಲ್ಲಿ ಟ್ರಿಯರ್‌ಗೆ ದೊಡ್ಡ ಹೆಸರಿದೆ. ಇಲ್ಲಿನ ಎರ್ನ್ಸ್ಟ್ ಹೋಲ್‌ಸ್ಟೈನ್ ಎಂಬ ಸಂಶೋಧಕರು ಮಧ್ಯ ಯುರೋಪಿನ ಓಕ್ ಮರಗಳ ಇಂಥ ಉದ್ದ ಸರಪಳಿಯನ್ನು ಜೋಡಿಸಿಕೊಟ್ಟರು. ಮರದ ತುಂಡಿನಲ್ಲಿ ತೊಗಟೆಯ ಅಂಚು ಉಳಿದಿದ್ದರೆ ಆಯಿತು, ಅದನ್ನು ಯಾವ ವರ್ಷ ಕಡಿದರು ಅನ್ನುವುದೇ ಗೊತ್ತಾಗುತ್ತದೆ.

ಮೊಸೆಲ್ ನದಿಯ ತಳದಲ್ಲಿ ಸೇತುವೆಗಾಗಿ ಹೊಡೆದ ಮರದ ಗೂಟಗಳು ಸಿಕ್ಕವು. ನೀರೊಳಗೆ ಗಾಳಿ ತಾಗದೆ ಕೊಳೆಯದೆ ಉಳಿದಿದ್ದವು. ಉಂಗುರ ಎಣಿಸಿದಾಗ ಕ್ರಿ.ಪೂ. 18–17 ಅಂತ ಬಂತು. ಅಂದರೆ ಆಗ ರೋಮನ್ನರು ಇಲ್ಲಿ ಸೇತುವೆ ಕಟ್ಟುತ್ತಿದ್ದರು. ಸೇತುವೆ ಬಂದ ಮೇಲೆ ಊರು. ಪೋರ್ಟಾ ನಿಗ್ರಾದ್ದೂ ಇದೇ ಕಥೆ. ಅದು 2ನೇ ಶತಮಾನದ್ದೋ, 4ನೇ ಶತಮಾನದ್ದೋ ಅಂತ ವಿದ್ವಾಂಸರು ಬಹಳ ಕಾಲ ವಾದ ಮಾಡಿದ್ದರು. ಅದಕ್ಕೆ ತಾಗಿದ ಕೋಟೆಗೋಡೆಯ ತಳಪಾಯದಲ್ಲಿ ಓಕ್ ಮರ ಸಿಕ್ಕಿ, ಅದನ್ನು ಕಡಿದದ್ದು ಕ್ರಿ.ಶ. 169–170ರ ಚಳಿಗಾಲದಲ್ಲಿ ಅಂತ 2018ರಲ್ಲಿ ತಿಳಿಯಿತು. ಅಷ್ಟು ದೊಡ್ಡ ವಾದವನ್ನು ಒಂದು ಮರದ ತುಂಡು ಮುಗಿಸಿತು.

ಗಡಿಯ ಕಡೆಯ ಒಂದು ಊರು ಸಾಮ್ರಾಜ್ಯದ ರಾಜಧಾನಿಗಳಲ್ಲಿ ಒಂದಾಗಿದ್ದು ಹೇಗೆ? ಇದು ಅರ್ಥವಾಗಬೇಕಾದರೆ 3ನೇ ಶತಮಾನದ ಗಲಾಟೆ ನೆನಪಿಡಬೇಕು. ರೈನ್ ನದಿಯ ಆಚೆಯಿಂದ ಫ್ರಾಂಕರು, ಅಲಮನ್ನಿಗಳು ಎಂಬ ಜರ್ಮಾನಿಕ್ ಬುಡಕಟ್ಟಿನವರು ಪದೇ ಪದೇ ನುಗ್ಗುತ್ತಿದ್ದರು. ಪೂರ್ವದಲ್ಲಿ ಪರ್ಷಿಯಾ. ಚಕ್ರವರ್ತಿ ರೋಮ್‌ನಲ್ಲಿ ಕೂತರೆ ಸುದ್ದಿ ಬರುವ ಹೊತ್ತಿಗೆ ಊರು ಸುಟ್ಟುಹೋಗಿರುತ್ತಿತ್ತು. ಹಾಗಾಗಿ ಚಕ್ರವರ್ತಿ ಡಯೋಕ್ಲೀಷಿಯನ್ ಅಧಿಕಾರವನ್ನು ನಾಲ್ವರಿಗೆ ಹಂಚಿದ. ಒಬ್ಬೊಬ್ಬರೂ ಒಂದೊಂದು ಗಡಿ ನೋಡಿಕೊಳ್ಳುವುದು. ರೈನ್ ಗಡಿಯ ಪಾಲಿಗೆ ಟ್ರಿಯರ್. ಅಲ್ಲಿಂದ ರೈನ್‌ಗೆ ಸುಮಾರು 100 ಕಿಲೋಮೀಟರ್. ಸೈನ್ಯಕ್ಕೆ ಹತ್ತಿರ, ಆದರೆ ಶತ್ರುವಿನ ಮೊದಲ ಏಟು ಬೀಳುವಷ್ಟು ಹತ್ತಿರವಲ್ಲ. 293ರಿಂದ ಕಾನ್‌ಸ್ಟಾಂಟಿಯಸ್ ಈ ಭಾಗವನ್ನು ಆಳಿದ, 306ರಲ್ಲಿ ಅವನ ಮಗ ಕಾನ್‌ಸ್ಟಂಟೈನ್ ಪಟ್ಟಕ್ಕೆ ಬಂದ. ಮುಂದೆ ಕ್ರೈಸ್ತ ಧರ್ಮದ ಪರ ನಿಂತು, ಕಾನ್‌ಸ್ಟಾಂಟಿನೋಪಲ್ ಕಟ್ಟಿದ ಕಾನ್‌ಸ್ಟಂಟೈನ್ ಇವನೇ. ಟ್ರಿಯರ್‌ನಲ್ಲಿ ಟಂಕಸಾಲೆಯೂ ಇತ್ತು. ಆ ಕಾಲದ ನಾಣ್ಯವನ್ನು ಕೈಯಲ್ಲಿ ಹಿಡಿದು ಕೆಳ ಅಂಚಿನಲ್ಲಿ ಟಿ, ಆರ್ ಅಕ್ಷರಗಳು ಕಂಡರೆ ಅದು ಇಲ್ಲಿ ಅಚ್ಚಾದದ್ದು.

ಕಾನ್‌ಸ್ಟಂಟೈನ್ ಕಾಲದ ದರ್ಬಾರ್ ಹಾಲ್ ಈಗಲೂ ನಿಂತಿದೆ. ಜನ ಅದನ್ನು ಬೆಸಿಲಿಕಾ ಅನ್ನುತ್ತಾರೆ. ಒಳಗೆ ಹೋದರೆ ಮೊದಲು ಗಮನಕ್ಕೆ ಬರುವುದು ಖಾಲಿತನ. ಒಂದೇ ಕೋಣೆ, 67 ಮೀಟರ್ ಉದ್ದ, 27 ಮೀಟರ್ ಅಗಲ, 33 ಮೀಟರ್ ಎತ್ತರ, ನಡುವೆ ಒಂದು ಕಂಬವೂ ಇಲ್ಲ. ಹತ್ತು ಅಂತಸ್ತಿನ ಅಪಾರ್ಟ್‌ಮೆಂಟಿನ ಒಳಗಿನ ಮಹಡಿಗಳನ್ನೆಲ್ಲ ತೆಗೆದುಹಾಕಿದ ಹಾಗೆ. ತುದಿಯಲ್ಲಿ ಅರ್ಧವೃತ್ತದ ಜಾಗ, ಚಕ್ರವರ್ತಿ ಕೂರುತ್ತಿದ್ದದ್ದು ಅಲ್ಲಿ. ಆ ಭಾಗದ ಕಿಟಕಿಗಳನ್ನು ಬೇಕೆಂದೇ ಸಣ್ಣದು ಮಾಡಿದ್ದಾರೆ. ಬಾಗಿಲಲ್ಲಿ ನಿಂತವನ ಕಣ್ಣು ಎಲ್ಲ ಕಿಟಕಿಗಳೂ ಒಂದೇ ಅಳತೆ ಅಂದುಕೊಳ್ಳುತ್ತದೆ, ಹಾಗಾಗಿ ಸಿಂಹಾಸನದ ಜಾಗ ಇನ್ನೂ ದೂರ, ಇನ್ನೂ ದೊಡ್ಡದು ಅನ್ನಿಸುತ್ತದೆ. ದೂರು ಹೊತ್ತುಕೊಂಡು ಬಂದ ಮನುಷ್ಯ ಅರ್ಧ ದಾರಿ ನಡೆಯುವಷ್ಟರಲ್ಲೇ ಕುಗ್ಗಿಹೋಗುತ್ತಿದ್ದ.

ಇಷ್ಟು ದೊಡ್ಡ ಹಾಲನ್ನು ಜರ್ಮನಿಯ ಚಳಿಯಲ್ಲಿ ಬೆಚ್ಚಗಿಡುವುದು ಹೇಗೆ? ನೆಲವನ್ನೇ ಒಲೆ ಮಾಡಿದರು. ನೆಲದ ಹಾಸನ್ನು ಮಣ್ಣಿನ ಮೇಲೆ ಹಾಕದೆ, ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ಎತ್ತಿ ಕೂರಿಸಿದರು. ಹೊರಗಡೆ ಒಲೆಗಳು. ಬೆಂಕಿ ಹಾಕಿದರೆ ಬಿಸಿಗಾಳಿ ನೆಲದ ಕೆಳಗೆ ಹರಿದು, ಗೋಡೆಯೊಳಗೆ ಇಟ್ಟ ಟೊಳ್ಳು ಹೆಂಚುಗಳ ಮೂಲಕ ಮೇಲಕ್ಕೆ ಹೋಗುತ್ತದೆ. ನಮ್ಮ ಕಡೆ ಬಚ್ಚಲ ಹಂಡೆಗೆ ಹೊರಗಿನಿಂದ ಸೌದೆ ಇಟ್ಟು ಉರಿ ಹಾಕುತ್ತೇವಲ್ಲ, ಸುಮಾರಾಗಿ ಅದೇ ಲೆಕ್ಕ. ಇಲ್ಲಿ ಬಿಸಿಯಾಗುವುದು ನೀರಲ್ಲ, ಇಡೀ ಕೋಣೆ. ಎಷ್ಟು ಸೌದೆ ಬೇಕಾಗಿತ್ತೋ, ಎಷ್ಟು ಆಳುಗಳು ಹೊರಗೆ ಹೊಗೆಯಲ್ಲಿ ನಿಂತಿದ್ದರೋ ಅಂತ ನನ್ನ ಯೋಚನೆ ಯಾವಾಗಲೂ ಆ ಕಡೆಗೇ ಹೋಗುತ್ತದೆ.

ಇಂದು ಕಾಣುವ ಬೋಳು ಇಟ್ಟಿಗೆ ರೋಮನ್ನರ ಕಾಲದಲ್ಲಿ ಹೊರಗೆ ಕಾಣುತ್ತಿರಲಿಲ್ಲ. ಗೋಡೆಗೆ ಗಿಲಾವು ಬಳಿದಿದ್ದರು, ಕಿಟಕಿಗಳ ಪಕ್ಕದಲ್ಲಿ ಅದರ ಕುರುಹು ಇನ್ನೂ ಉಳಿದಿದೆ. ಹಾಗೆಯೇ ನಾವು ನೋಡುವುದೆಲ್ಲ ರೋಮನ್ ಅಲ್ಲ. ರೋಮನ್ನರು ಹೋದ ಮೇಲೆ ಚಾವಣಿ ಬಿತ್ತು. ಮಧ್ಯಯುಗದಲ್ಲಿ ಆರ್ಚ್‌ಬಿಷಪ್‌ಗಳು ಅದನ್ನು ಕೋಟೆಯಂತೆ ಬಳಸಿದರು. 17ನೇ ಶತಮಾನದಲ್ಲಿ ಹೊಸ ಅರಮನೆ ಕಟ್ಟುವಾಗ ಪೂರ್ವ ಮತ್ತು ದಕ್ಷಿಣದ ಗೋಡೆಗಳನ್ನು ಕೆಡವಿದರು. 19ನೇ ಶತಮಾನದಲ್ಲಿ ಪ್ರಷ್ಯದ ದೊರೆ 4ನೇ ಫ್ರೆಡರಿಕ್ ವಿಲ್ಹೆಲ್ಮ್ ಆ ಗೋಡೆಗಳನ್ನು ಮತ್ತೆ ಕಟ್ಟಿಸಿ, 1856ರಲ್ಲಿ ಪ್ರಾಟೆಸ್ಟಂಟರಿಗೆ ಚರ್ಚ್ ಅಂತ ಕೊಟ್ಟ. 1944ರ ಆಗಸ್ಟ್‌ನಲ್ಲಿ ಬಾಂಬ್ ಬಿದ್ದು ಒಳಗೆಲ್ಲ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ರಿಪೇರಿ ಮಾಡಿದವರು ಹಳೇ ಅಲಂಕಾರವನ್ನು ತಿರುಗಿ ತರಲಿಲ್ಲ, ಇಟ್ಟಿಗೆಯನ್ನು ಹಾಗೇ ಬಿಟ್ಟರು. ನಿಜವಾದ ರೋಮನ್ ಇಟ್ಟಿಗೆ ನೋಡಬೇಕಾದರೆ ಪಶ್ಚಿಮದ ಗೋಡೆ ಮತ್ತು ಆ ಅರ್ಧವೃತ್ತದ ಭಾಗಕ್ಕೆ ಹೋಗಬೇಕು. ಸಾವಿರಾರು ಜನ ಸುಮ್ನೆ ಎಲ್ಲವನ್ನೂ ಕಾನ್‌ಸ್ಟಂಟೈನ್ ಕಟ್ಟಿಸಿದ್ದು ಅಂದುಕೊಂಡು ಹೊರಗೆ ಬರುತ್ತಾರೆ.

5ನೇ ಶತಮಾನದ ಶುರುವಿನಲ್ಲಿ ಆಡಳಿತ ದಕ್ಷಿಣ ಫ್ರಾನ್ಸಿನ ಆರ್ಲ್ ಊರಿಗೆ ಹೋಯಿತು. ಟ್ರಿಯರ್ ಮೇಲೆ ಫ್ರಾಂಕರ ದಾಳಿ ಮತ್ತೆ ಮತ್ತೆ ಆಯಿತು. ಆ ಕಾಲದ ಸಾಲ್ವಿಯನ್ ಎಂಬ ಪಾದ್ರಿ ಬರೆದಿಟ್ಟದ್ದನ್ನು ಓದಿದರೆ ಮೈ ನಡುಗುತ್ತದೆ. ಊರು ಹಾಳಾಗಿ ಹೆಣಗಳು ಬೀದಿಯಲ್ಲಿ ಬಿದ್ದಿರುವಾಗ, ಬದುಕುಳಿದ ದೊಡ್ಡ ಮನುಷ್ಯರು ಚಕ್ರವರ್ತಿಯನ್ನು ಕೇಳಿದ್ದು ರಥದ ಓಟದ ಆಟಗಳನ್ನಂತೆ. ಸಾಲ್ವಿಯನ್‌ಗೆ ಅದು ಪಾಪದ ಗುರುತು. ನನಗೆ ಮಾತ್ರ ಬೇರೆ ಅನ್ನಿಸುತ್ತದೆ. ಆಟ ನಡೆದರೆ ಊರು ಇನ್ನೂ ಊರೇ, ರೋಮ್ ನಮ್ಮನ್ನು ಇನ್ನೂ ಕೈಬಿಟ್ಟಿಲ್ಲ ಅಂತ ನಂಬಬಹುದಿತ್ತು ಅವರಿಗೆ.

ಆಮೇಲೆ ಊರು ಕುಗ್ಗಿತು. ಇದನ್ನು ಬೀದಿಗಳಲ್ಲೇ ಓದಬಹುದು. ರೋಮನ್ ಬೀದಿಗಳು ಚದುರಂಗದ ಮನೆಗಳ ಹಾಗೆ, ಉತ್ತರ ದಕ್ಷಿಣ, ಪೂರ್ವ ಪಶ್ಚಿಮ. ಇಂದು ಪೋರ್ಟಾ ನಿಗ್ರಾದಿಂದ ಮಾರುಕಟ್ಟೆ ಚೌಕಕ್ಕೆ ಹೋಗುವ ಬೀದಿ ಮಾತ್ರ ಓರೆಯಾಗಿ ಹೋಗುತ್ತದೆ. ಯಾಕೆಂದರೆ ಮನೆಗಳು ಬಿದ್ದು ಮಣ್ಣಾದ ಮೇಲೆ ತಡೆಯುವವರು ಯಾರು? ಜನ ಹಾಳು ಬಿದ್ದ ಜಾಗದ ಮೇಲೆ ಹತ್ತಿರದ ದಾರಿ ಹಿಡಿದು ನಡೆದರು, ಕಾಲುದಾರಿಯೇ ಬೀದಿಯಾಯಿತು. ಅದು ಸೇರುವ ಚೌಕದಲ್ಲಿ 958ರಲ್ಲಿ ಆರ್ಚ್‌ಬಿಷಪ್ ಹೈನ್ರಿಶ್ ನಿಲ್ಲಿಸಿದ ಶಿಲುಬೆ ಕಂಬವಿದೆ. ಹೊಸ ಊರಿನ ನಡುಮಧ್ಯ ಅದು.

ಬೇಡವಾದದ್ದು ಏನಾಯಿತು ಅಂತ ತಿಳಿಯಲು ಆಂಫಿಥಿಯೇಟರ್‌ಗೆ ಹೋಗಬೇಕು. ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟಿದ, ಸುಮಾರು 18,000 ಜನ ಕೂರಬಹುದಾದ ಅಖಾಡ. ಕಾನ್‌ಸ್ಟಂಟೈನ್ ಸೆರೆ ಸಿಕ್ಕ ಇಬ್ಬರು ಫ್ರಾಂಕ್ ರಾಜರನ್ನು ಕಾಡುಮೃಗಗಳ ಬಾಯಿಗೆ ಹಾಕಿಸಿದ್ದು ಇಲ್ಲೇ ಅನ್ನುತ್ತಾರೆ. ಅಖಾಡದ ಕೆಳಗೆ ಬಂಡೆ ಕೊರೆದು ಮಾಡಿದ ನೆಲಮಾಳಿಗೆಗೆ ಈಗಲೂ ಇಳಿಯಬಹುದು, ಒಳಗೆ ತೇವ, ತಣ್ಣಗೆ. ಮಧ್ಯಯುಗಕ್ಕೆ ಈ ಕಟ್ಟಡದಿಂದ ಏನೂ ಆಗಬೇಕಿರಲಿಲ್ಲ. 13ನೇ ಶತಮಾನದಲ್ಲಿ ಇದರ ಕಲ್ಲು ಒಯ್ಯಲು ಒಂದು ಮಠಕ್ಕೆ ಅನುಮತಿಯೇ ಸಿಕ್ಕಿತು. ಮೆಟ್ಟಿಲ ಸಾಲುಗಳೆಲ್ಲ ಹೋಗಿ ಇಳಿಜಾರಿನಲ್ಲಿ ದ್ರಾಕ್ಷಿ ಬೆಳೆದರು. ಇಂದು ಕೂರುವ ಜಾಗದಲ್ಲಿ ಹುಲ್ಲು ಮಾತ್ರ.

ಸ್ನಾನಗೃಹಗಳು ಮೂರು, ಮೂರಕ್ಕೂ ಮೂರು ಗತಿ. 2ನೇ ಶತಮಾನದ ಬಾರ್ಬರಾ ಸ್ನಾನಗೃಹ ರೋಮನ್ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು. ಬಹಳ ಕಾಲ ಎತ್ತರಕ್ಕೆ ನಿಂತೇ ಇತ್ತು, 17ನೇ ಶತಮಾನದಲ್ಲಿ ಕಾಲೇಜು ಕಟ್ಟಲು ಜೆಸ್ಯೂಟರು ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದವರು ಅದರ ಕಲ್ಲು ಬಳಸಿದರು. ಈಗ ತಳಪಾಯದ ಮಟ್ಟದಲ್ಲಿ ಓಡಾಡಿ ನೋಡಬಹುದು. ಸಾಮ್ರಾಟರ ಸ್ನಾನಗೃಹ ಅಂತ ಕರೆಯುವ ಕೈಸರ್‌ಥೆರ್ಮೆನ್‌ನಲ್ಲಿ ಯಾರೂ ಸ್ನಾನ ಮಾಡಲೇ ಇಲ್ಲ. ಕಟ್ಟುವುದು ಅರ್ಧಕ್ಕೆ ನಿಂತಿತು, ಆಮೇಲೆ 4ನೇ ಶತಮಾನದಲ್ಲೇ ಅದನ್ನು ಬೇರೆ ಕೆಲಸಕ್ಕೆ ಬದಲಾಯಿಸಿಕೊಂಡರು. ಅದರ 19 ಮೀಟರ್ ಎತ್ತರದ ಬಾಗಿದ ಗೋಡೆ ಉಳಿದದ್ದು ಮಧ್ಯಯುಗದ ಊರುಗೋಡೆಗೆ ಒಂದು ಮೂಲೆಯಾಗಿ ಸೇರಿಕೊಂಡಿತು ಅಂತ. ಅದರ ಒಂದು ಕಿಟಕಿಯೇ ಊರಿನ ಬಾಗಿಲಾಗಿತ್ತು! ಮೂರನೆಯದು ಯಾರ ನೆನಪಿನಲ್ಲೂ ಇರಲಿಲ್ಲ. 1987ರಲ್ಲಿ ದನದ ಸಂತೆ ಚೌಕದ ಕೆಳಗೆ ಪಾರ್ಕಿಂಗ್‌ಗೆ ಅಂತ ಅಗೆದಾಗ ಗೋಡೆಗಳು ಕಂಡವು. ಈಗ ಅದರ ಮೇಲೆ ವಾಸ್ತುಶಿಲ್ಪಿ ಊಂಗರ್ಸ್ ರೂಪಿಸಿದ ಗಾಜಿನ ಕಟ್ಟಡವಿದೆ.

ಅಗೆತ ಅಂದರೆ ಟ್ರಿಯರ್‌ನಲ್ಲಿ ಯಾವಾಗಲೂ ಹೀಗೇ. 1993ರಲ್ಲಿ ಒಂದು ಕಟ್ಟಡದ ಕೆಲಸದಲ್ಲಿ ಜೆಸಿಬಿಯಂಥ ಯಂತ್ರದ ಬಕೆಟ್ಟಿಗೆ ಸಿಕ್ಕಿದ್ದು ಚಿನ್ನದ ನಾಣ್ಯಗಳು. 2,500ಕ್ಕೂ ಜಾಸ್ತಿ, ತೂಕ ಸುಮಾರು 18.5 ಕೆಜಿ. ಒಂದಷ್ಟು ನಾಣ್ಯ ಮಣ್ಣಿನ ಜೊತೆ ಲಾರಿಯಲ್ಲಿ ಹೋಗಿ ಸುರಿದ ಜಾಗದಲ್ಲಿ ಸಿಕ್ಕವು. ಈಗ ಎಲ್ಲವೂ ಊರಿನ ಮ್ಯೂಸಿಯಂನಲ್ಲಿ, ರಾಶಿ ಹಾಕಿದ ಹಾಗೆ ಇಟ್ಟಿದ್ದಾರೆ. ಯಾರೋ ಭಯದಲ್ಲಿ ಹೂತಿಟ್ಟು, ತೆಗೆಯಲು ಬಾರದೇ ಹೋದ ದುಡ್ಡು ಅದು.

ಕ್ಯಾಥೆಡ್ರಲ್ ಬಗ್ಗೆ ಹೇಳದಿದ್ದರೆ ಆಗದು. ಜರ್ಮನಿಯ ಅತಿ ಹಳೆಯ ಬಿಷಪ್ ಚರ್ಚ್ ಇದೇ. ಅದರ ನಡುಭಾಗ 4ನೇ ಶತಮಾನದ ರೋಮನ್ ಚರ್ಚು, ಗೋಡೆಯಲ್ಲಿ ಕೆಂಪು ರೋಮನ್ ಇಟ್ಟಿಗೆಯ ಪಟ್ಟಿಗಳು ಹೊರಗಿನಿಂದಲೇ ಕಾಣುತ್ತವೆ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಅದರ ನೆಲದ ಕೆಳಗೆ ಅಗೆದಾಗ, ಚರ್ಚ್‌ಗಿಂತ ಹಳೆಯ ಒಂದು ಕೋಣೆಯ ಬಣ್ಣದ ಚಾವಣಿ ಸಾವಿರಾರು ಚೂರುಗಳಾಗಿ ಸಿಕ್ಕಿತು. ಚೂರು ಚೂರು ಹೊಂದಿಸಿ ಜೋಡಿಸಿದ್ದಾರೆ. ಆಭರಣ ತೊಟ್ಟ ಹೆಂಗಸರ ಮುಖಗಳು ಈಗ ಮ್ಯೂಸಿಯಂನಲ್ಲಿ ನಮ್ಮನ್ನೇ ನೋಡುತ್ತವೆ. ಕ್ಯಾಥೆಡ್ರಲ್ ಬಾಗಿಲ ಹತ್ತಿರ ಗ್ರಾನೈಟ್ ಕಂಬದ ಒಂದು ತುಂಡು ಬಿದ್ದಿದೆ, ರೋಮನ್ ಚರ್ಚಿನ ನಾಲ್ಕು ಕಂಬಗಳಲ್ಲಿ ಒಂದರದು. ಅದನ್ನು ದೆವ್ವ ಹೊತ್ತು ತಂದಿತ್ತು ಅಂತ ಊರಿನವರ ಕಥೆ. ತಲೆಮಾರುಗಳಿಂದ ಮಕ್ಕಳು ಅದರ ಮೇಲೆ ಹತ್ತಿ ಜಾರಿ ಜಾರಿ ಕಲ್ಲು ನುಣ್ಣಗಾಗಿದೆ.

ಕೊನೆಗೆ ಸೇತುವೆ. ಮೊದಲಿನ ಎರಡು ಸೇತುವೆಗಳು ಹೋಗಿ, 2ನೇ ಶತಮಾನದ ನಡುವಿನಲ್ಲಿ ಕರಿ ಬಸಾಲ್ಟ್ ಕಲ್ಲಿನ ಕಂಬಗಳ ಸೇತುವೆ ಬಂತು. 1689ರಲ್ಲಿ ಫ್ರೆಂಚ್ ಸೈನ್ಯ ಮೇಲಿನ ಭಾಗವನ್ನು ಸ್ಫೋಟಿಸಿತು. ಕಮಾನುಗಳನ್ನು 18ನೇ ಶತಮಾನದಲ್ಲಿ ಮತ್ತೆ ಕಟ್ಟಿದರು. 1945ರ ಮಾರ್ಚ್‌ನಲ್ಲಿ ಜರ್ಮನ್ ಸೈನಿಕರು ಇದನ್ನು ಉಡಾಯಿಸುವ ಮೊದಲೇ ಅಮೆರಿಕನ್ ಸೈನ್ಯ ಬಂದು ಹಿಡಿದುಕೊಂಡಿತು. ನೀರು ಇಳಿದ ದಿನ ದಂಡೆಯಲ್ಲಿ ನಿಂತರೆ ಕೆಳಗಿನ ಕರಿ ಕಲ್ಲಿಗೂ ಮೇಲಿನ ಕಮಾನಿನ ಕೆಂಪು ಕಲ್ಲಿಗೂ ಇರುವ ಗೆರೆ ಚೆನ್ನಾಗಿ ಕಾಣುತ್ತದೆ. ಗೆರೆಯ ಕೆಳಗೆ ಹೆಚ್ಚಿನ ಕಂಬಗಳು ಇನ್ನೂ ರೋಮನ್ನರವೇ. ಮೇಲೆ ಕಾರುಗಳು ಓಡುತ್ತಿರುತ್ತವೆ.